ಹೆದ್ದಾರಿಯ ಜಾಮ್ ಬಿಡಿಸಲು ಊರಿನ ಆಡಳಿತ ಏನು ಮಾಡಬಹುದು?

ಪ್ರಶ್ನೆ: ನಾನು ಒಂದು ಚಿಕ್ಕ ನಗರದ ಆಡಳಿತ ಮಂಡಳಿಯ ಸದಸ್ಯೆ. ನಮ್ಮ ಊರಿಗೆ ಅಂಟಿಕೊಂಡೇ ಹೆದ್ದಾರಿ ಹೋಗುತ್ತದೆ. ಬೆಳಗ್ಗೆ, ಸಂಜೆ ಎರಡೂ ಹೊತ್ತು ಅಲ್ಲಿ ವಾಹನ ಕದಲುವುದಿಲ್ಲ. ಹೆದ್ದಾರಿ ಇಲಾಖೆ ಎರಡೂ ಕಡೆ ಒಂದೊಂದು ಲೇನ್ ಸೇರಿಸುವ ಯೋಜನೆ ಮಾಡಿದೆ. ಅದಕ್ಕೆ ಸ್ಥಳೀಯ ಆಡಳಿತದ ಬೆಂಬಲ ಬೇಕು, ನಿರ್ಣಯ ಮಾಡಿ ಕಳಿಸಿ ಅಂತ ಕೇಳಿದ್ದಾರೆ. ರಸ್ತೆ ನಮ್ಮದಲ್ಲ, ದುಡ್ಡೂ ನಮ್ಮದಲ್ಲ. ಕೈ ಎತ್ತಿ ಒಪ್ಪಿಗೆ ಕೊಡುವುದು ಬಿಟ್ಟು ನಮ್ಮಿಂದ ಏನಾದೀತು? ಲೇನ್ ಸೇರಿಸಿದರೆ ಜಾಮ್ ನಿಜಕ್ಕೂ ಕಡಿಮೆ ಆಗುತ್ತಾ?

ಉತ್ತರ: ನಿಮ್ಮ ಎರಡನೇ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಮೊದಲನೆಯದಕ್ಕೆ ಉತ್ತರ ಅದರೊಳಗೇ ಇದೆ.

ಒಳ್ಳೆಯ ಹೆದ್ದಾರಿಯ ಒಂದು ಲೇನಿನಲ್ಲಿ ಗಂಟೆಗೆ ಸುಮಾರು 2,000ದಿಂದ 2,400 ಕಾರು ಸಾಗಬಹುದು. ಅದಕ್ಕಿಂತ ಜಾಸ್ತಿ ಬಂದರೆ ಹೆಚ್ಚಾದವು ಹಿಂದೆ ಕಾಯುತ್ತವೆ, ಅಷ್ಟೇ ಅಲ್ವಾ ಅನಿಸುತ್ತದೆ. ಆದರೆ ಅಷ್ಟಕ್ಕೇ ಮುಗಿಯುವುದಿಲ್ಲ. ಒಮ್ಮೆ ಸಾಲು ಕಟ್ಟಿತೆಂದರೆ ಆ ರಸ್ತೆ ಮೊದಲು ಸಾಗಿಸುತ್ತಿದ್ದಷ್ಟು ವಾಹನಗಳನ್ನೂ ಸಾಗಿಸುವುದಿಲ್ಲ. ನಿಂತು ನಿಂತು ಹೊರಡುವಾಗ ವಾಹನಗಳ ನಡುವೆ ಜಾಗ ಬೀಳುತ್ತದೆ. ಪಕ್ಕದ ಲೇನ್ ಬೇಗ ಹೋಗುತ್ತಿದೆ ಅಂತ ಕೆಲವರು ನುಗ್ಗುತ್ತಾರೆ, ಅವರ ಹಿಂದಿನವರು ಬ್ರೇಕ್ ಹಾಕುತ್ತಾರೆ. ರಸ್ತೆಯ ಸಾಮರ್ಥ್ಯದಲ್ಲಿ ನೂರಕ್ಕೆ ಹತ್ತರಷ್ಟು ಅಲ್ಲೇ ಸೋರಿಹೋಗುತ್ತದೆ.

ಇದನ್ನು ಲೆಕ್ಕ ಹಾಕಿಯೇ ನೋಡೋಣ. ಒಂದು ದಿಕ್ಕಿಗೆ ಮೂರು ಲೇನ್ ಇದೆ, ಗಂಟೆಗೆ 6,000 ವಾಹನ ಸಾಗುತ್ತವೆ ಅಂತಿಟ್ಟುಕೊಳ್ಳಿ. ಬೆಳಗ್ಗೆ 8ರಿಂದ 9ರೊಳಗೆ 6,600 ಬಂದವು. ಸಾಲು ಕಟ್ಟಿತು. ಸಾಲು ಕಟ್ಟಿದ ಮೇಲೆ ಮುಂದಕ್ಕೆ ಹೋಗುವುದು 5,400 ಮಾತ್ರ. ಅಂದರೆ 9 ಗಂಟೆಗೆ ಹಿಂದೆ ಉಳಿದವು 1,200. ಲೇನಿಗೆ 400. ಒಂದೊಂದಕ್ಕೆ 10 ಮೀಟರ್ ಹಿಡಿದರೂ 4 ಕಿ.ಮೀ. ಉದ್ದದ ಸಾಲು. 9 ಗಂಟೆಯ ನಂತರ ಜನ ಕಡಿಮೆಯಾದರು, ಆ ಗಂಟೆಯಲ್ಲಿ 5,400 ವಾಹನ ಮಾತ್ರ ಬಂದವು ಅನ್ನಿ. ಬಂದಷ್ಟೇ ಹೋಗುತ್ತಿವೆ. ಹಾಗಾಗಿ 10 ಗಂಟೆಗೂ ಆ 4 ಕಿ.ಮೀ. ಸಾಲು ಒಂದಿಷ್ಟೂ ಕರಗಿರುವುದಿಲ್ಲ. ಈಗ ಹಿಂದಕ್ಕೆ ಹೋಗಿ. 8 ಗಂಟೆಯ ಆ ಒಂದು ತಾಸಿನಲ್ಲಿ 6,600ರ ಬದಲು 6,000 ವಾಹನವೇ ಬಂದಿದ್ದರೆ? ಸಾಲೇ ಇಲ್ಲ. ಇಡೀ ಬೆಳಗ್ಗೆಯನ್ನು ಹಾಳು ಮಾಡಿದ್ದು ಆ 600 ವಾಹನಗಳು. ಹನ್ನೊಂದರಲ್ಲಿ ಒಂದು.

ಈ ಲೆಕ್ಕವನ್ನು ನಿಮ್ಮ ಸಭೆಯಲ್ಲಿ ದಯವಿಟ್ಟು ಬೋರ್ಡಿನ ಮೇಲೆ ಬರೆದು ತೋರಿಸಿ. ಜಾಮ್ ಅಂದ ಕೂಡಲೇ ಜನ ವಾಹನಗಳು ಅರ್ಧಕ್ಕರ್ಧ ಕಡಿಮೆ ಆಗಬೇಕು, ಅದು ಎಲ್ಲಾಗುತ್ತೆ ಅಂತ ಕೈ ಚೆಲ್ಲುತ್ತಾರೆ. ಬೇಕಿರುವುದು ಅರ್ಧ ಅಲ್ಲ. ಕೆಟ್ಟ ಹೊತ್ತಿನ, ಕೆಟ್ಟ ಜಾಗದ ಆ 600. ಅವು ಎಲ್ಲಿಂದ ಬಂದವು ಅಂತ ಹುಡುಕುತ್ತಾ ಹೋದರೆ ಬಹಳಷ್ಟು ನಿಮ್ಮ ಊರಿನ ಬೀದಿಗಳಲ್ಲೇ ಸಿಗುತ್ತವೆ. ಅಲ್ಲಿ ಅಧಿಕಾರ ಇರುವುದು ಹೆದ್ದಾರಿ ಇಲಾಖೆಗಲ್ಲ, ನಿಮಗೆ.

ಇನ್ನು ಲೇನ್ ವಿಷಯ. ಅಮೆರಿಕದ ಹ್ಯೂಸ್ಟನ್ ನಗರದ ಕೇಟಿ ಫ್ರೀವೇ ಅನ್ನುವ ಹೆದ್ದಾರಿಯನ್ನು 2008ರ ಹೊತ್ತಿಗೆ ಸುಮಾರು 2.8 ಶತಕೋಟಿ ಡಾಲರ್ ಖರ್ಚಿನಲ್ಲಿ ಅಗಲ ಮಾಡಿದರು. ಸರ್ವಿಸ್ ರೋಡೂ ಸೇರಿ ಕೆಲವು ಕಡೆ 26 ಲೇನ್. ಮೊದಲು ಆರಾಮ ಆಯಿತು. 2011ರಿಂದ 2014ರೊಳಗೆ ಬೆಳಗಿನ ಮತ್ತು ಸಂಜೆಯ ಪ್ರಯಾಣದ ಸಮಯ ಮತ್ತೆ ಜೋರಾಗಿ ಏರಿತು. ಇದು ಅಲ್ಲಿನ ಒಂದು ಕಥೆ ಮಾತ್ರ ಅಲ್ಲ. ಜೈಲ್ಸ್ ಡುರಾಂಟನ್ ಮತ್ತು ಮ್ಯಾಥ್ಯೂ ಟರ್ನರ್ ಅನ್ನುವ ಇಬ್ಬರು ಅರ್ಥಶಾಸ್ತ್ರಜ್ಞರು ಅಮೆರಿಕದ ನಗರಗಳ ಲೆಕ್ಕ ತೆಗೆದು 2011ರಲ್ಲಿ ಪ್ರಕಟಿಸಿದರು. ನಗರದೊಳಗಿನ ಹೆದ್ದಾರಿ ಎಷ್ಟು ಪಾಲು ಬೆಳೆಯಿತೋ ವಾಹನಗಳ ಓಡಾಟವೂ ಹೆಚ್ಚುಕಡಿಮೆ ಅಷ್ಟೇ ಪಾಲು ಬೆಳೆದಿತ್ತು. ಅದೇ ಅಧ್ಯಯನದಲ್ಲಿ ಇನ್ನೊಂದು ಮಾತೂ ಇದೆ, ಅದನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ. ಸುಮ್ನೆ ಬಸ್ಸು ಜಾಸ್ತಿ ಬಿಟ್ಟರೂ ಹೆದ್ದಾರಿಯ ಓಡಾಟ ತಾನಾಗಿ ಕಡಿಮೆ ಆಗಲಿಲ್ಲ. ಖಾಲಿಯಾದ ಜಾಗವನ್ನು ಬೇರೆಯವರು ತುಂಬಿದರು.

ಹಾಗಂತ ಲೇನ್ ಸೇರಿಸಲೇಬಾರದು ಅಂತ ನಾನು ಹೇಳುತ್ತಿಲ್ಲ. ಎಲ್ಲಿ ಸೇರಿಸುತ್ತಾರೆ ಅನ್ನುವುದು ಮುಖ್ಯ. ನಾಲ್ಕು ಲೇನ್ ಬಂದು ಎರಡು ಲೇನಿನ ಹಳೇ ಸೇತುವೆಗೆ ತೂರುವ ಜಾಗ, ಎರಡು ಹೆದ್ದಾರಿ ಕೂಡಿದ ಮೇಲೂ ಅಷ್ಟೇ ಅಗಲ ಇರುವ ಜಾಗ, ಇಂಥ ಕಡೆ ಒಂದೆರಡು ಕಿ.ಮೀ. ಅಗಲ ಮಾಡಿದರೂ ಫಲ ಸಿಗುತ್ತದೆ. 30 ಕಿ.ಮೀ. ಉದ್ದಕ್ಕೂ ಒಂದೇ ಸಮ ಅಗಲ ಮಾಡುವ ಯೋಜನೆಯಾದರೆ ಕೂತು ಕೇಳಬೇಕು: ಸಾಲು ಶುರುವಾಗುವುದು ಎಲ್ಲಿ? ಸಾಲಿನ ಬಾಲ ಎಲ್ಲರಿಗೂ ಕಾಣುತ್ತದೆ, ತಲೆ ಎಲ್ಲಿದೆ ಅಂತ ನೋಡಿದವರು ಕಡಿಮೆ.

ಈಗ ನಿಮ್ಮ ಕೈಯಲ್ಲಿ ಇರುವುದಕ್ಕೆ ಬರುತ್ತೇನೆ.

ಮೊದಲನೆಯದು, ಊರಿನೊಳಗಿನ ಓಡಾಟಕ್ಕೆ ಹೆದ್ದಾರಿ ಹಿಡಿಯುವವರು. ಊರಿನ ಒಂದು ಬಡಾವಣೆಯಿಂದ ಇನ್ನೊಂದಕ್ಕೆ ಹೋಗಲು ಒಳದಾರಿ ಇಲ್ಲ. ಮಧ್ಯೆ ಒಂದು ಹಳ್ಳ, ಇಲ್ಲಾ ರೈಲು ಹಳಿ, ಇಲ್ಲಾ ಯಾರೋ ಕಟ್ಟಿದ ಕಾಂಪೌಂಡು. ಜನ ಹೆದ್ದಾರಿಗೆ ಹತ್ತುತ್ತಾರೆ, ಎರಡು ಕಿ.ಮೀ. ಹೋಗಿ ಇಳಿಯುತ್ತಾರೆ. ಮಗುವನ್ನು ಶಾಲೆಗೆ ಬಿಡಲು, ತರಕಾರಿಗೆ, ಬ್ಯಾಂಕಿಗೆ. ಇವರು ಹೆದ್ದಾರಿಯಲ್ಲಿ ಕಳೆಯುವುದು ಎರಡೇ ನಿಮಿಷ. ಆದರೆ ಹತ್ತುವಾಗ ಒಮ್ಮೆ, ಇಳಿಯುವಾಗ ಒಮ್ಮೆ ಲೇನ್ ದಾಟುತ್ತಾರೆ. ದೂರದಿಂದ ನೇರ ಹೋಗುವ ವಾಹನಕ್ಕಿಂತ ಇಂಥ ಓಡಾಟವೇ ಹರಿವನ್ನು ಹೆಚ್ಚು ಕದಡುತ್ತದೆ.

ಎಷ್ಟು ಕದಡುತ್ತದೆ ಅನ್ನುವುದಕ್ಕೆ ಜಪಾನಿನ ಒಂದು ಪ್ರಯೋಗ ಹೇಳುತ್ತೇನೆ. 230 ಮೀಟರ್ ಸುತ್ತಳತೆಯ ಒಂದು ವರ್ತುಲ, ಅದರಲ್ಲಿ 22 ಕಾರು. ಎಲ್ಲರೂ ಗಂಟೆಗೆ 30 ಕಿ.ಮೀ. ವೇಗದಲ್ಲಿ ಸಮನಾಗಿ ಓಡಿಸಿ ಅಂತ ಹೇಳಿದ್ದರು. ಸಿಗ್ನಲ್ ಇಲ್ಲ, ತಿರುವು ಇಲ್ಲ, ಅಡ್ಡ ಬರುವವರಿಲ್ಲ. ಸ್ವಲ್ಪ ಹೊತ್ತಿಗೇ ಯಾರೋ ಒಬ್ಬರು ಚೂರು ನಿಧಾನ ಮಾಡಿದರು, ಹಿಂದಿನವರು ಇನ್ನೂ ಚೂರು ಜಾಸ್ತಿ ಬ್ರೇಕ್ ಹಾಕಿದರು. ಕೊನೆಗೆ ಕೆಲವು ಕಾರುಗಳು ಪೂರ್ತಿ ನಿಂತವು. ಆ ನಿಂತ ಗುಂಪು ವರ್ತುಲದಲ್ಲಿ ಹಿಂದಕ್ಕೆ ಹಿಂದಕ್ಕೆ ಸರಿಯುತ್ತಾ ಹೋಯಿತು. 2008ರಲ್ಲಿ ಇದು ಪ್ರಕಟವಾಯಿತು. ಅಡ್ಡಿಯೇ ಇಲ್ಲದ ಕಡೆ ಹೀಗಾದರೆ, ಪ್ರತಿ ಅರ್ಧ ಕಿ.ಮೀ.ಗೆ ಯಾರಾದರೂ ನುಗ್ಗುವ ರಸ್ತೆಯಲ್ಲಿ ಏನಾಗಬೇಕು?

ಹಾಗಾಗಿ ಒಳರಸ್ತೆಗಳನ್ನು ಒಂದಕ್ಕೊಂದು ಜೋಡಿಸುವುದು ಹೆದ್ದಾರಿಗೆ ನೀವು ಕೊಡಬಹುದಾದ ದೊಡ್ಡ ಬೆಂಬಲ. ಹಳ್ಳದ ಮೇಲೆ ಒಂದು ಚಿಕ್ಕ ಸೇತುವೆ, ಎರಡು ಬಡಾವಣೆಗಳ ನಡುವೆ ನೂರು ಮೀಟರ್ ರಸ್ತೆ, ಹೆದ್ದಾರಿಗೆ ಸಮಾನಾಂತರವಾಗಿ ತುಂಡು ತುಂಡಾಗಿ ಇರುವ ಸರ್ವಿಸ್ ರೋಡನ್ನು ಒಂದು ಮಾಡುವುದು. ನಡೆದು ಅಥವಾ ಸೈಕಲ್ಲಿನಲ್ಲಿ ಹೆದ್ದಾರಿ ದಾಟಲು ಸುರಕ್ಷಿತ ಕೆಳದಾರಿ ಇದ್ದರೆ ಎಷ್ಟೋ ಮನೆಗಳ ಬೈಕು, ಕಾರು ಹೊರಗೇ ಬರುವುದಿಲ್ಲ. ಇದಕ್ಕೆ ಹೆದ್ದಾರಿಯ ಖರ್ಚಿನ ಚೂರು ಪಾಲು ಸಾಕು. ಆದರೆ ಇದಕ್ಕೆ ಉದ್ಘಾಟನೆಯ ಕಲ್ಲು ದೊಡ್ಡದಿರುವುದಿಲ್ಲ, ಹಾಗಾಗಿ ಯಾರೂ ಮುಂದೆ ಬರುವುದಿಲ್ಲ. ನೀವು ಬರಬೇಕು.

ಎರಡನೆಯದು, ಹೆದ್ದಾರಿಯ ಮಗ್ಗುಲಿನ ಕಟ್ಟಡಗಳಿಗೆ ಪರವಾನಗಿ. ನನಗೆ ಜಾಸ್ತಿ ಸಂಕಟ ಆಗುವುದು ಇಲ್ಲಿ. ಊರಿನ ಗದ್ದಲ ತಪ್ಪಿಸಲು ಅಂತ ಬೈಪಾಸ್ ಮಾಡುತ್ತಾರೆ. ಹತ್ತು ವರ್ಷದಲ್ಲಿ ಬೈಪಾಸಿನ ಎರಡೂ ಕಡೆ ಅಂಗಡಿ, ಹೋಟೆಲು, ಮದುವೆ ಮಂಟಪ, ಪೆಟ್ರೋಲ್ ಬಂಕು. ಒಂದೊಂದಕ್ಕೂ ಹೆದ್ದಾರಿಗೇ ನೇರ ಬಾಗಿಲು. ಆಮೇಲೆ ಬೈಪಾಸಿಗೂ ಬೈಪಾಸ್ ಬೇಕು ಅನ್ನುತ್ತಾರೆ. ಬ್ರಿಟನ್ನಿನಲ್ಲಿ ಇದು ಎಷ್ಟು ಹಳೇ ತಲೆನೋವು ಅಂದರೆ, ರಸ್ತೆಗುಂಟ ಕಟ್ಟಡ ಸಾಲುಗಟ್ಟುವುದನ್ನು ತಡೆಯಲೆಂದೇ 1935ರಲ್ಲಿ ಅಲ್ಲಿ ಕಾಯ್ದೆ ತಂದರು. ಅಮೆರಿಕದ ಕೊಲರಾಡೊ ರಾಜ್ಯ 1979ರಲ್ಲಿ ಹೆದ್ದಾರಿಗೆ ಯಾರು ಎಲ್ಲಿ ಬಾಗಿಲು ತೆರೆಯಬಹುದು ಅನ್ನುವುದಕ್ಕೇ ಕಾನೂನು ಮಾಡಿತು.

ಒಂದು ಬಾಗಿಲಿನಿಂದ ಏನಾಗುತ್ತೆ ಮಹಾ ಅಂತ ಸಭೆಯಲ್ಲಿ ಯಾರಾದರೂ ಕೇಳೇ ಕೇಳುತ್ತಾರೆ. ರಸ್ತೆ ಎಂಜಿನಿಯರುಗಳ ಕೈಪಿಡಿಯಲ್ಲಿ ಇದಕ್ಕೆ ಅಂದಾಜು ಇದೆ. ನಾಲ್ಕು ಲೇನಿನಂಥ ರಸ್ತೆಯಲ್ಲಿ ಒಂದು ಮೈಲಿಗೆ 10 ಬಾಗಿಲು ಇದ್ದರೆ, ರಸ್ತೆ ಖಾಲಿ ಇದ್ದಾಗಲೂ ವೇಗ ಗಂಟೆಗೆ ಸುಮಾರು 4 ಕಿ.ಮೀ. ಇಳಿಯುತ್ತದೆ. 30 ಬಾಗಿಲಿಗೆ 12 ಕಿ.ಮೀ. ಅಪಘಾತದ ಲೆಕ್ಕ ಬೇರೆ. ನೀವು ಮಾಡಬಹುದಾದ್ದು ಇಷ್ಟು: ಇನ್ನು ಮುಂದೆ ಹೆದ್ದಾರಿ ಬದಿಯ ಯಾವ ಕಟ್ಟಡಕ್ಕೂ ನೇರ ಬಾಗಿಲಿನ ನಕ್ಷೆಗೆ ಒಪ್ಪಬೇಡಿ. ಬಾಗಿಲು ಸರ್ವಿಸ್ ರೋಡಿಗೆ ಅಥವಾ ಹಿಂದಿನ ಬೀದಿಗೆ ಇರಲಿ. ಅಕ್ಕಪಕ್ಕದ ನಾಲ್ಕು ಅಂಗಡಿಗೆ ಒಂದೇ ದಾರಿ ಸಾಕು, ಪಾರ್ಕಿಂಗ್ ಜಾಗಗಳನ್ನು ಒಳಗಿನಿಂದಲೇ ಜೋಡಿಸಬಹುದು. ಇದನ್ನು ಒಬ್ಬರಿಗೆ ಬಿಗಿ, ಇನ್ನೊಬ್ಬರಿಗೆ ಸಡಿಲ ಮಾಡಿದರೆ ಮುಗಿಯಿತು. ಮೊದಲ ವಿನಾಯಿತಿ ಕೊಟ್ಟ ದಿನವೇ ಆ ನಿಯಮ ಸತ್ತ ಹಾಗೆ.

ಮೂರನೆಯದು ಇಳಿಯುವ ರಾಂಪಿನ, ಅಂದರೆ ಹೆದ್ದಾರಿಯಿಂದ ಊರಿಗೆ ಇಳಿಯುವ ಇಳಿಜಾರು ದಾರಿಯ, ಕೆಳಗಿನ ಸಿಗ್ನಲ್. ಇದನ್ನು ಒಮ್ಮೆ ಖುದ್ದು ನಿಂತು ನೋಡಿ. ಹೆದ್ದಾರಿಯಿಂದ ಇಳಿದ ವಾಹನ ನಿಮ್ಮ ಊರಿನ ರಸ್ತೆಗೆ ಬಂದು ಸಿಗ್ನಲ್ಲಿನಲ್ಲಿ ನಿಲ್ಲುತ್ತದೆ. ಹಸಿರು ದೀಪ 20 ಸೆಕೆಂಡ್ ಮಾತ್ರ. ಜಂಕ್ಷನ್ನಿನಿಂದ ಸ್ವಲ್ಪವೇ ಮುಂದೆ ಬಸ್ ಸ್ಟಾಪು, ಅದರ ಮುಂದೆ ಆಟೋಗಳು, ಎಡಕ್ಕೆ ತಿರುಗುವ ಜಾಗದಲ್ಲಿ ನಿಂತ ಕಾರುಗಳು. ಹಸಿರು ಬಿದ್ದರೂ ವಾಹನ ಮುಂದೆ ಹೋಗಲು ಜಾಗ ಇಲ್ಲ. ಸಾಲು ರಾಂಪಿನ ಮೇಲಕ್ಕೆ ಬೆಳೆಯುತ್ತದೆ, ರಾಂಪ್ ತುಂಬಿ ಹೆದ್ದಾರಿಯ ಎಡ ಲೇನಿಗೆ ಚಾಚುತ್ತದೆ. ಅಲ್ಲಿಗೆ ಹೆದ್ದಾರಿಯ ಒಂದು ಲೇನ್ ಹೋಯಿತು. ಹಿಂದೆ ನಾಲ್ಕು ಕಿ.ಮೀ. ದೂರದಲ್ಲಿ ನಿಂತವರು ಹೆದ್ದಾರಿ ಸಾಲದು ಅನ್ನುತ್ತಿರುತ್ತಾರೆ. ಅವರನ್ನು ತಡೆದಿರುವುದು ಊರೊಳಗಿನ ಒಂದು ಬಸ್ ಸ್ಟಾಪು. ಆ ಸ್ಟಾಪನ್ನು ನೂರು ಮೀಟರ್ ಮುಂದಕ್ಕೆ ಸರಿಸುವುದು, ಪಾರ್ಕಿಂಗ್ ತೆಗೆಯುವುದು, ಬೆಳಗಿನ ಎರಡು ಗಂಟೆ ರಾಂಪಿನ ಕಡೆಗೆ ಹಸಿರು ಹೆಚ್ಚಿಸುವುದು, ಇದಕ್ಕೆ ಯಾವ ಮೇಲಿನ ಸರ್ಕಾರದ ಅಪ್ಪಣೆಯೂ ಬೇಕಾಗದಿರಬಹುದು.

ಹತ್ತುವ ರಾಂಪಿನ ಕಥೆ ಇದಕ್ಕೆ ಉಲ್ಟಾ. ಹೆದ್ದಾರಿಗೆ ಹತ್ತುವ ಕಡೆ ಸಿಗ್ನಲ್ ಇಟ್ಟು, ಒಂದೊಂದೇ ವಾಹನವನ್ನು ಬಿಡುವ ಪದ್ಧತಿ ಇದೆ. ಅಮೆರಿಕದ ಮಿನ್ನೆಸೋಟದಲ್ಲಿ ಇಂಥ ಸುಮಾರು 430 ಸಿಗ್ನಲ್‌ಗಳಿದ್ದವು. ರಾಂಪಿನಲ್ಲಿ ಕಾದು ಕಾದು ಬೇಸತ್ತ ಜನ ದೂರಿದರು. 2000ನೇ ಇಸವಿಯಲ್ಲಿ ಅಲ್ಲಿನ ಶಾಸನಸಭೆ ಕೆಲವು ವಾರ ಎಲ್ಲವನ್ನೂ ಆರಿಸಿ ನೋಡಿ ಅಂತ ಆದೇಶ ಮಾಡಿತು. ಆರಿಸಿದರು. ಹೆದ್ದಾರಿಯಲ್ಲಿ ಸಾಗಿದ ವಾಹನ ನೂರಕ್ಕೆ 9ರಷ್ಟು ಕಡಿಮೆಯಾಯಿತು, ಪ್ರಯಾಣದ ಸಮಯ 22ರಷ್ಟು ಏರಿತು, ಅಪಘಾತ 26ರಷ್ಟು ಹೆಚ್ಚಿತು. ನಾನು ಮೇಲೆ ಹೇಳಿದ ಸೋರಿಕೆ ಇದೇ. ಸಿಗ್ನಲ್‌ಗಳು ವಾಪಸ್ ಬಂದವು. ಆದರೆ ಜನರ ದೂರಿಗೂ ಬೆಲೆ ಸಿಕ್ಕಿತು, ಊರಿನ ರಾಂಪುಗಳಲ್ಲಿ ನಾಲ್ಕು ನಿಮಿಷಕ್ಕಿಂತ ಜಾಸ್ತಿ ಯಾರನ್ನೂ ಕಾಯಿಸಬಾರದು ಅಂತ ಮಿತಿ ಹಾಕಿದರು. ನಿಮಗೆ ಇದರಿಂದ ತಿಳಿಯಬೇಕಾದ್ದು: ಹೆದ್ದಾರಿಯವರು ಇಂಥ ಸಿಗ್ನಲ್ ಹಾಕಲು ಬಂದರೆ ಸಾಲು ನಿಲ್ಲುವುದು ನಿಮ್ಮ ಬೀದಿಯಲ್ಲಿ, ಬೈಗುಳ ಬರುವುದು ನಿಮಗೆ. ಬೇಡ ಅನ್ನಬೇಡಿ. ಕಾಯುವ ವಾಹನಗಳಿಗೆ ರಾಂಪಿನಲ್ಲೇ ಜಾಗ ಮಾಡಿ, ಕಾಯುವ ಹೊತ್ತಿಗೆ ಮಿತಿ ಬರೆದುಕೊಡಿ, ಬಸ್ಸಿಗೆ ಪಕ್ಕದಲ್ಲಿ ಬೇರೆ ದಾರಿ ಬಿಡಿ ಅಂತ ಕೇಳಿ.

ಅಪಘಾತ, ಕೆಟ್ಟು ನಿಂತ ಲಾರಿ, ಇವುಗಳ ಪಾಲು ನಾವು ಅಂದುಕೊಂಡಿದ್ದಕ್ಕಿಂತ ದೊಡ್ಡದು. ಅಮೆರಿಕದ ಕೇಂದ್ರ ಹೆದ್ದಾರಿ ಆಡಳಿತದ ಅಂದಾಜಿನಲ್ಲಿ ದಟ್ಟಣೆಗೆ ರಸ್ತೆಯ ಇಕ್ಕಟ್ಟು ಕಾರಣವಾಗುವುದು ನೂರಕ್ಕೆ 40ರಷ್ಟು. ಅಪಘಾತ ಮತ್ತು ಕೆಟ್ಟು ನಿಂತ ವಾಹನಗಳಿಂದ 25, ಹವಾಮಾನದಿಂದ 15, ರಸ್ತೆ ಕಾಮಗಾರಿಯಿಂದ 10. ಮೂರು ಲೇನಿನಲ್ಲಿ ಒಂದು ಮುಚ್ಚಿದರೆ ಮೂರನೇ ಎರಡು ಭಾಗ ಉಳಿಯುತ್ತದೆ ಅಂದುಕೊಳ್ಳುತ್ತೇವೆ. ಉಳಿಯುವುದು ಅರ್ಧಕ್ಕಿಂತ ಕಡಿಮೆ. ಅಪಘಾತವಾದ ವಾಹನವನ್ನು ಬದಿಗೆ ಸರಿಸಿ ನಿಲ್ಲಿಸಿದರೂ, ನೋಡಿಕೊಂಡು ಹೋಗುವವರ ದೆಸೆಯಿಂದ ನೂರಕ್ಕೆ 17ರಷ್ಟು ಹೋಗುತ್ತದೆ. ಫ್ಲೋರಿಡಾದಲ್ಲಿ ಭಾರೀ ವಾಹನ ಎಳೆಯುವ ಗುತ್ತಿಗೆದಾರರು 90 ನಿಮಿಷದೊಳಗೆ ಲೇನ್ ತೆರವು ಮಾಡಿದರೆ ಹೆಚ್ಚಿನ ಹಣ ಕೊಡುತ್ತಾರೆ, ತುಂಬಾ ತಡ ಮಾಡಿದರೆ ದಂಡ. ನಿಮ್ಮ ಮಟ್ಟದಲ್ಲಿ ಇದರರ್ಥ: ಕ್ರೇನ್ ಎಲ್ಲಿ ನಿಂತಿರುತ್ತದೆ, ಯಾರಿಗೆ ಫೋನ್ ಮಾಡಬೇಕು, ಅಗ್ನಿಶಾಮಕ ಮತ್ತು ಆಂಬುಲೆನ್ಸ್ ಯಾವ ದಾರಿಯಲ್ಲಿ ಹತ್ತಬೇಕು, ಎಳೆದ ವಾಹನ ಇಡಲು ಜಾಗ ಯಾವುದು. ಆ ಜಾಗವನ್ನು ನಗರಸಭೆಯೇ ಕೊಟ್ಟರೆ ಅದೂ ಬೆಂಬಲವೇ.

ಇಷ್ಟೆಲ್ಲ ಮಾಡಿದ ಮೇಲೂ ದೊಡ್ಡ ಪ್ರಶ್ನೆ ಒಂದು ಉಳಿಯುತ್ತದೆ: ಜನ ಎಲ್ಲಿ ವಾಸ ಮಾಡುತ್ತಾರೆ, ಎಲ್ಲಿ ಕೆಲಸ ಮಾಡುತ್ತಾರೆ, ಹೇಗೆ ಹೋಗಿ ಬರುತ್ತಾರೆ. ಇದರಲ್ಲಿ ಸ್ಥಳೀಯ ಆಡಳಿತ ಎಷ್ಟು ದೂರ ಹೋಗಬಹುದು ಅನ್ನುವುದಕ್ಕೆ ನಾನು ಯಾವಾಗಲೂ ಕೊಡುವ ಉದಾಹರಣೆ ಅಮೆರಿಕದ ಆರ್ಲಿಂಗ್ಟನ್ ಕೌಂಟಿ. ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ ಒಂದು ಸ್ಥಳೀಯ ಆಡಳಿತ ಭಾಗ. ಅದು ವರ್ಜೀನಿಯಾ ರಾಜ್ಯದಲ್ಲಿ, ಪೊಟೊಮ್ಯಾಕ್ ನದಿಯ ದಡದಲ್ಲಿ, ಆಚೆ ದಡದಲ್ಲೇ ವಾಷಿಂಗ್ಟನ್. ರಾಜಧಾನಿಗೆ ಹೋಗುವ ಇಂಟರ್‌ಸ್ಟೇಟ್ 66 ಹೆದ್ದಾರಿ ಇದರ ಮೂಲಕವೇ ಹಾಯಬೇಕಿತ್ತು. ಕೌಂಟಿಯ ಜನ ವರ್ಷಗಟ್ಟಲೆ ವಿರೋಧ ಮಾಡಿದರು. ಕೊನೆಗೆ 1977ರಲ್ಲಿ ಕೇಂದ್ರ ಸಾರಿಗೆ ಕಾರ್ಯದರ್ಶಿ ವಿಲಿಯಂ ಕೋಲ್ಮನ್ ಒಪ್ಪಿಗೆ ಕೊಟ್ಟಾಗ ಅದಕ್ಕೆ ಷರತ್ತುಗಳಿದ್ದವು. ನಾಲ್ಕೇ ಲೇನ್, ಭಾರೀ ಲಾರಿ ಇಲ್ಲ, ಜನ ಓಡಾಡುವ ಹೊತ್ತಿನಲ್ಲಿ ಒಬ್ಬರೇ ಕೂತ ಕಾರಿಗೆ ಜಾಗ ಇಲ್ಲ, ನಡುವೆ ಮೆಟ್ರೋ ಹಳಿಗೆ ಜಾಗ. 1982ರಲ್ಲಿ ರಸ್ತೆ ತೆರೆಯಿತು.

ಅಷ್ಟರಲ್ಲಿ ಕೌಂಟಿ ಇನ್ನೊಂದು ಕೆಲಸ ಮಾಡಿತ್ತು. ಮೆಟ್ರೋ ಪೂರ್ತಿ ಹೆದ್ದಾರಿಯ ನಡುವೆಯೇ ಹೋಗಲಿ ಅನ್ನುವ ಆಲೋಚನೆ ಮೊದಲಿತ್ತು. ಅದು ಅಗ್ಗ. ಆರ್ಲಿಂಗ್ಟನ್ ಒಪ್ಪಲಿಲ್ಲ. ಹಳೇ ಅಂಗಡಿ ಬೀದಿಯಾದ ವಿಲ್ಸನ್ ಬೂಲೆವಾರ್ಡಿನ ಗುಂಟ, ನೆಲದಡಿಯಲ್ಲಿ ಹೋಗಲಿ ಅಂತ ಪಟ್ಟು ಹಿಡಿಯಿತು. 1979ರಲ್ಲಿ ಆ ಮಾರ್ಗ ತೆರೆಯಿತು. ರಾಸ್ಲಿನ್‌ನಿಂದ ಬಾಲ್‌ಸ್ಟನ್‌ವರೆಗೆ ಐದು ನಿಲ್ದಾಣ. ನಿಲ್ದಾಣದಿಂದ ಕಾಲು ಮೈಲಿಯೊಳಗೆ ಎತ್ತರದ ಕಟ್ಟಡಕ್ಕೆ ಅನುಮತಿ, ಅದರಾಚೆ ಹಳೇ ಮನೆಗಳ ಬೀದಿಗಳು ಹಾಗೇ. ದೊಡ್ಡ ಕಟ್ಟಡಕ್ಕೆ ಅನುಮತಿ ಕೊಡುವಾಗ, ಅಲ್ಲಿ ಕೆಲಸ ಮಾಡುವವರು ಕಾರಿಲ್ಲದೆ ಬರುವ ಹಾಗೆ ಏನು ವ್ಯವಸ್ಥೆ ಮಾಡುತ್ತೀರಿ ಅನ್ನುವುದನ್ನೂ ಷರತ್ತಾಗಿ ಬರೆಸಿಕೊಂಡರು. ಕಚೇರಿಗಳೂ ಮನೆಗಳೂ ಹಲವು ಪಟ್ಟು ಬೆಳೆದವು. ಆದರೆ ಆ ಭಾಗದ ಮುಖ್ಯ ಬೀದಿಗಳಲ್ಲಿ ವಾಹನ ಸಂಖ್ಯೆ ಅದಕ್ಕೆ ತಕ್ಕ ಹಾಗೆ ಏರಲಿಲ್ಲ, ಕೆಲವೆಡೆ ಇಳಿಯಿತು. ಆ ಕಟ್ಟಡಗಳೆಲ್ಲ ಹೆದ್ದಾರಿಯ ತುದಿಯಲ್ಲಿ ಕಾರು ನಿಲ್ಲಿಸುವ ಬಯಲಿನ ನಡುವೆ ಎದ್ದಿದ್ದರೆ ಇಂಟರ್‌ಸ್ಟೇಟ್ 66ರ ಗತಿ ಏನಾಗುತ್ತಿತ್ತು ಅಂತ ಯೋಚಿಸಿ.

ಈ ಕಥೆಗೆ ಎರಡನೇ ಭಾಗವೂ ಇದೆ. 2017ರ ಡಿಸೆಂಬರಿನಿಂದ ಆ ರಸ್ತೆಯಲ್ಲಿ ದಟ್ಟಣೆಯ ಹೊತ್ತಿಗೆ ಒಬ್ಬರೇ ಹೋಗುವವರೂ ಟೋಲ್ ಕೊಟ್ಟು ಹೋಗಬಹುದು ಅಂತ ಮಾಡಿದರು. ಟೋಲ್ ಕೆಲವೇ ನಿಮಿಷಕ್ಕೊಮ್ಮೆ ಏರಿಳಿಯುತ್ತದೆ. ಮೊದಲ ವಾರವೇ ಒಮ್ಮೆ 40 ಡಾಲರ್ ಮುಟ್ಟಿ ದೊಡ್ಡ ಗಲಾಟೆಯಾಯಿತು. ಆದರೆ ನಿಮಗೆ ಬೇಕಾದ್ದು ಆ ದುಡ್ಡು ಎಲ್ಲಿಗೆ ಹೋಗುತ್ತದೆ ಅನ್ನುವುದು. ಅದರ ಒಂದು ಪಾಲು ಉತ್ತರ ವರ್ಜೀನಿಯಾದ ಸ್ಥಳೀಯ ಆಡಳಿತಗಳು ಸೇರಿ ನಡೆಸುವ ಸಾರಿಗೆ ಆಯೋಗಕ್ಕೆ ಬರುತ್ತದೆ. ಆಯೋಗ ಅದನ್ನು ದೂರದ ಬಡಾವಣೆಗಳಿಂದ ಬರುವ ಬಸ್ಸುಗಳಿಗೆ, ಕಾರು ನಿಲ್ಲಿಸಿ ಬಸ್ ಹತ್ತುವ ಜಾಗಗಳಿಗೆ, ನಿಲ್ದಾಣ ತಲುಪುವ ಕಾಲುದಾರಿಗಳಿಗೆ ಕೊಡುತ್ತದೆ. ಷರತ್ತು ಒಂದೇ, ಆ ಖರ್ಚಿನಿಂದ ಟೋಲ್ ಕೊಟ್ಟವರಿಗೆ ಪ್ರಯೋಜನ ಆಗಬೇಕು. ಬಸ್ಸಿನಲ್ಲಿ ಕೂತ ನಲವತ್ತು ಜನ ಕಾರು ಬಿಟ್ಟರೆ ಟೋಲ್ ಕೊಟ್ಟವರ ದಾರಿ ಸರಾಗ ಆಗುತ್ತದೆ ಅನ್ನುವುದು ಅದರ ಲೆಕ್ಕ. ಬಸ್ಸು ಬಿಟ್ಟು ಖಾಲಿಯಾದ ಜಾಗವನ್ನು ಬೇರೆಯವರು ತುಂಬುತ್ತಾರೆ ಅಂದೆನಲ್ಲ, ಇಲ್ಲಿ ಟೋಲ್ ಅದನ್ನು ತಡೆಯುತ್ತದೆ. ಎರಡೂ ಜೊತೆಗಿದ್ದರೆ ಮಾತ್ರ ಕೆಲಸ ಆಗುವುದು. ಇಷ್ಟಾದ ಮೇಲೆ 2020ರಲ್ಲಿ ಅಲ್ಲೂ ಒಂದು ಲೇನ್ ಸೇರಿಸಿದರು. ಇನ್ನೊಂದು ಹೆದ್ದಾರಿ ಬಂದು ಕೂಡುವ ಇಕ್ಕಟ್ಟಿನ ಜಾಗದಿಂದ ಕೆಲವೇ ಮೈಲಿ, ಒಂದೇ ದಿಕ್ಕಿಗೆ.

ಬಸ್ಸಿನ ಬಗ್ಗೆ ಅನುಮಾನ ಇದ್ದವರಿಗೆ ಇನ್ನೊಂದು ಅಂಕಿ. ನ್ಯೂಯಾರ್ಕಿಗೆ ಹೋಗುವ ಲಿಂಕನ್ ಸುರಂಗದ ಮುಂದೆ 1970ರಿಂದ ಒಂದೇ ಒಂದು ಲೇನನ್ನು ಬೆಳಗಿನ ಹೊತ್ತು ಬಸ್ಸಿಗೆ ಮೀಸಲಿಟ್ಟಿದ್ದಾರೆ. ಸುಮಾರು 4 ಕಿ.ಮೀ. ಉದ್ದ. ಕೋವಿಡ್‌ಗೆ ಮುಂಚೆ ದಿನಾ ಬೆಳಗ್ಗೆ ನಾಲ್ಕು ಗಂಟೆಯಲ್ಲಿ ಅದರ ಮೇಲೆ 1,700ಕ್ಕೂ ಹೆಚ್ಚು ಬಸ್ಸು, 60,000ಕ್ಕೂ ಹೆಚ್ಚು ಜನ ಹೋಗುತ್ತಿದ್ದರು. ಅದೇ ಲೇನಿನಲ್ಲಿ ಅದೇ ನಾಲ್ಕು ಗಂಟೆ ಕಾರು ಬಿಟ್ಟರೆ ಹತ್ತು ಸಾವಿರದ ಆಸುಪಾಸು ಜನ ಹೋದಾರು.

ಈಗ ಕಾಗದ ಪತ್ರದ ಮಾತು. ಒಪ್ಪಂದದಲ್ಲಿ ಏನು ಬರೆದಿದೆ ಅಂತ ನೋಡದೆ ಬೆಂಬಲ ಕೊಡಬೇಡಿ. ಕ್ಯಾಲಿಫೋರ್ನಿಯಾದ ಸ್ಟೇಟ್ ರೂಟ್ 91 ಅನ್ನುವ ಹೆದ್ದಾರಿಯ ನಡುವೆ 1995ರಲ್ಲಿ ಖಾಸಗಿ ಕಂಪನಿಯೊಂದು ಟೋಲ್ ಲೇನ್ ತೆರೆಯಿತು. ಹೊತ್ತಿಗೆ ತಕ್ಕ ಟೋಲ್, ಓಡಾಟ ಸರಾಗ. ಆದರೆ ಒಪ್ಪಂದದಲ್ಲಿ ಒಂದು ಕಲಮು ಇತ್ತು. ಟೋಲ್ ಲೇನಿಗೆ ಪೈಪೋಟಿ ಆಗುವ ಹಾಗೆ ಪಕ್ಕದ ಸಾಮಾನ್ಯ ಲೇನುಗಳನ್ನು ಸರ್ಕಾರ ಹೆಚ್ಚಿಸುವಂತಿಲ್ಲ. ಆ ಭಾಗದ ಊರುಗಳು ಬೆಳೆದವು, ಉಚಿತ ಲೇನಿನಲ್ಲಿ ಜನ ಒದ್ದಾಡಿದರು, ಏನೂ ಮಾಡುವ ಹಾಗಿಲ್ಲ. ಕೊನೆಗೆ 2003ರಲ್ಲಿ ಆರೆಂಜ್ ಕೌಂಟಿಯ ಸಾರಿಗೆ ಪ್ರಾಧಿಕಾರ 207.5 ದಶಲಕ್ಷ ಡಾಲರ್ ಕೊಟ್ಟು ಆ ಲೇನುಗಳನ್ನೇ ಕೊಂಡುಕೊಂಡು ಆ ಕಟ್ಟುಪಾಡನ್ನು ತೆಗೆಯಿತು. ಸ್ಥಳೀಯ ಸಂಸ್ಥೆಯೊಂದು ಹೆದ್ದಾರಿಗೆ ಕೊಟ್ಟ ದುಬಾರಿ ಬೆಂಬಲ ಇದು. ಮೊದಲೇ ಓದಿದ್ದರೆ ಅಷ್ಟು ಕೊಡಬೇಕಿರಲಿಲ್ಲ. ಅದೇ ಕೌಂಟಿಯ ಜನ 1990ರಲ್ಲಿ ಮತ ಹಾಕಿ, ಮಾರಾಟ ತೆರಿಗೆಯಲ್ಲಿ ಡಾಲರಿಗೆ ಅರ್ಧ ಸೆಂಟ್ ಹೆಚ್ಚುವರಿಯನ್ನು ಸಾರಿಗೆಗೆಂದೇ ಒಪ್ಪಿದ್ದರು, 2006ರಲ್ಲಿ ಮತ್ತೆ 30 ವರ್ಷಕ್ಕೆ ಮುಂದುವರಿಸಿದರು. ಯಾವ ಕೆಲಸಕ್ಕೆ ಎಷ್ಟು ಅಂತ ಮೊದಲೇ ಪಟ್ಟಿ ಮಾಡಿ ತೋರಿಸಿದರೆ ಜನ ದುಡ್ಡು ಕೊಡುವುದಿಲ್ಲ ಅನ್ನುವುದು ಸುಳ್ಳು.

ಒಂಟಿಯಾಗಿ ಮಾತ್ರ ಹೋಗಬೇಡಿ. ನ್ಯೂಜೆರ್ಸಿಯ ಲಿಯೋನಿಯಾ ಅನ್ನುವ ಚಿಕ್ಕ ಊರು ದೊಡ್ಡ ಸೇತುವೆಯೊಂದರ ಬಳಿ ಇದೆ. ಮೊಬೈಲ್ ಮ್ಯಾಪ್ ನೋಡಿಕೊಂಡು ಹೆದ್ದಾರಿಯ ವಾಹನಗಳೆಲ್ಲ ಆ ಊರಿನ ಓಣಿಗಳಿಗೆ ನುಗ್ಗುತ್ತಿದ್ದವು. 2018ರಲ್ಲಿ ಊರಿನವರು ಬೆಳಗ್ಗೆ ಸಂಜೆ ಹೊರಗಿನವರಿಗೆ ಬೀದಿಗಳನ್ನೇ ಮುಚ್ಚಿದರು. ಅವರ ಕಷ್ಟ ನಿಜವಾದದ್ದು. ಆದರೆ ಅದೇ ವರ್ಷ ನ್ಯಾಯಾಲಯ ಆ ನಿಯಮವನ್ನು ರದ್ದು ಮಾಡಿತು. ಕೊಲರಾಡೊದ ಇಂಟರ್‌ಸ್ಟೇಟ್ 70ರ ಬೆಟ್ಟದ ಭಾಗದಲ್ಲಿ ಬೇರೆ ದಾರಿ ಹಿಡಿದರು. ವಾರದ ಕೊನೆಗೆ ಸ್ಕೀಯಿಂಗ್‌ಗೆ ಹೋಗಿ ಬರುವವರಿಂದ ಅಲ್ಲಿ ವಿಪರೀತ ಜಾಮ್. 2004ರಲ್ಲಿ ಆ ದಾರಿಯ ಕೌಂಟಿಗಳು, ಪಟ್ಟಣಗಳು, ವ್ಯಾಪಾರಸ್ಥರು ಸೇರಿ ಒಂದು ಒಕ್ಕೂಟ ಮಾಡಿಕೊಂಡರು. ರಾಜ್ಯದ ಮುಂದೆ ಒಂದೇ ದನಿಯಲ್ಲಿ ಮಾತಾಡುವುದು ಒಂದು ಕೆಲಸ. ಯಾವ ಹೊತ್ತಿಗೆ ಹೊರಟರೆ ಆರಾಮ, ಯಾವ ಹೊತ್ತು ಬೇಡ ಅಂತ ಪ್ರವಾಸಿಗರಿಗೆ ತಿಳಿಸಿ, ಎಲ್ಲರೂ ಒಟ್ಟಿಗೇ ಹೊರಡದ ಹಾಗೆ ನೋಡಿಕೊಳ್ಳುವುದು ಇನ್ನೊಂದು. ಆ 600 ವಾಹನಗಳನ್ನು ಬೇರೆ ಹೊತ್ತಿಗೆ ಕಳಿಸುವ ಕೆಲಸವೇ ಇದು. ನಿಮ್ಮ ಹೆದ್ದಾರಿಯಲ್ಲಿ ಅಕ್ಕಪಕ್ಕದ ಎರಡು ಮೂರು ಊರಿನ ಆಡಳಿತಗಳನ್ನು ಕರೆದು ಕೂರಿಸಿ. ನೀವು ಬಾಗಿಲು ಮುಚ್ಚಿ, ಪಕ್ಕದ ಊರು ತೆರೆದರೆ ಏನು ಬಂತು?

ಇನ್ನು ನಿಮ್ಮ ನಿರ್ಣಯ. ಬೆಂಬಲ ಕೊಡಿ, ಆದರೆ ಬರಿದೇ ಕೊಡಬೇಡಿ. ನಾನಾಗಿದ್ದರೆ ಹೀಗೆ ಬರೆಸುತ್ತಿದ್ದೆ. ಸಾಲಿನ ತಲೆ ಎಲ್ಲಿದೆ ಅಂತ ಇಲಾಖೆ ಅಳೆದು ತೋರಿಸಬೇಕು, ಮೊದಲು ಅಲ್ಲಿ ಕೆಲಸ ಆಗಬೇಕು. ಸೇರಿಸುವ ಲೇನನ್ನು ದಟ್ಟಣೆಯ ಹೊತ್ತಿಗಾದರೂ ಬಸ್ಸು ಮತ್ತು ಹೆಚ್ಚು ಜನ ಕೂತ ವಾಹನಗಳಿಗೆ ಇಡುವುದನ್ನು ಪರಿಶೀಲಿಸಬೇಕು. ಸರ್ವಿಸ್ ರೋಡ್ ಮತ್ತು ಜನ ದಾಟುವ ಕೆಳದಾರಿಗಳು ಮುಖ್ಯ ಕಾಮಗಾರಿಯ ಜೊತೆಗೇ ಆಗಬೇಕು. ಎರಡನೇ ಹಂತಕ್ಕೆ ತಳ್ಳಿದರೆ ಆ ಹಂತ ಬರುವುದೇ ಅಪರೂಪ. ಟೋಲ್ ಇದ್ದರೆ ಅದರಲ್ಲೊಂದು ಪಾಲು ಈ ದಾರಿಯ ಬಸ್ಸುಗಳಿಗೆ ಬರಬೇಕು. ನಮ್ಮ ಕಡೆಯಿಂದ ಹೊಸ ನೇರ ಬಾಗಿಲುಗಳಿಗೆ ಪರವಾನಗಿ ಕೊಡುವುದಿಲ್ಲ, ರಾಂಪಿನ ಕೆಳಗಿನ ಜಂಕ್ಷನ್ ಸರಿಪಡಿಸುತ್ತೇವೆ, ಈ ಒಳರಸ್ತೆಗಳನ್ನು ಇಷ್ಟರೊಳಗೆ ಜೋಡಿಸುತ್ತೇವೆ ಅಂತ ನೀವೂ ಅದರಲ್ಲೇ ಬರೆದುಕೊಡಿ. ಕೊಡುವುದು ಇದ್ದಾಗ ಕೇಳುವುದಕ್ಕೂ ತೂಕ ಇರುತ್ತದೆ.

ಸಭೆಗೆ ಮುಂಚೆ ಮಾಡಲೇಬೇಕಾದ ಕೆಲಸ ಎಣಿಕೆ. ಶಾಲೆ ನಡೆಯುವ ವಾರದಲ್ಲಿ, ಮಳೆ ಹಬ್ಬ ಇಲ್ಲದ ಮೂರು ಮಾಮೂಲಿ ದಿನ ಆರಿಸಿ. ನಿಮ್ಮ ಊರಿನ ಮೊದಲ ರಾಂಪು ಮತ್ತು ಕೊನೆಯ ರಾಂಪಿನ ಬಳಿ ಜನ ನಿಲ್ಲಿಸಿ, ಬೆಳಗ್ಗೆ 7ರಿಂದ 10ರವರೆಗೆ ವಾಹನ ಸಂಖ್ಯೆಯ ಕೊನೆಯ ನಾಲ್ಕು ಅಂಕಿ ಬರೆಸಿ. ಕಾಲೇಜಿನ ಮಕ್ಕಳು ಖುಷಿಯಿಂದ ಮಾಡುತ್ತಾರೆ. ಒಂದರಲ್ಲಿ ಹತ್ತಿ ಇನ್ನೊಂದರಲ್ಲಿ ಐದಾರು ನಿಮಿಷದಲ್ಲೇ ಇಳಿದ ವಾಹನ ಎಷ್ಟು ಅಂತ ಹೊಂದಿಸಿ ನೋಡಿದರೆ ಊರೊಳಗಿನ ಓಡಾಟದ ಪಾಲು ಗೊತ್ತಾಗುತ್ತದೆ. ರಾಂಪಿನ ಸಾಲು ಹೆದ್ದಾರಿಯನ್ನು ಮುಟ್ಟುವ ಸಮಯವನ್ನೂ ಬರೆದಿಡಿ. ಇದನ್ನು ಕಾಮಗಾರಿ ಶುರುವಾಗುವ ಮೊದಲೇ ಮಾಡಿಸಿ. ಒಮ್ಮೆ ರಸ್ತೆ ಅಗೆದು ಬ್ಯಾರಿಕೇಡ್ ಇಟ್ಟ ಮೇಲೆ ಎಣಿಸಿದ ಅಂಕಿಯನ್ನು ಇಲಾಖೆಯೂ ಒಪ್ಪುವುದಿಲ್ಲ, ನೀವೂ ನಂಬುವ ಹಾಗಿಲ್ಲ.